ಮೃತಸಂಜೀವಿನಿಯ ಎಲ್ಲೆ

ಸತ್ತವರನ್ನು ಎಬ್ಬಿಸುವ ಮಂತ್ರವೊಂದು ಕಥೆಯೊಳಗೆ ಬಂದಿತೆಂದರೆ ಕವಿಗೆ ಕಷ್ಟಕಾಲ ಬಂದಿತೆಂದೇ ಹೇಳಬೇಕು. ಸಾವೇ ಇಲ್ಲವಾದ ಮೇಲೆ ಯುದ್ಧಕ್ಕೆ ಅರ್ಥವೇನು, ಶೋಕಕ್ಕೆ ಎಡೆಯೆಲ್ಲಿ? ಆದಿಪರ್ವದ ಕವಿ ಈ ಕಷ್ಟವನ್ನು ಬಲ್ಲವನು. ಶುಕ್ರಾಚಾರ್ಯನು ಕಚನನ್ನು ಎರಡು ಸಲ ನಿರಾಯಾಸವಾಗಿ ಬದುಕಿಸುತ್ತಾನೆ. ಮೂರನೆಯ ಸಲ ದಾನವರು ಅವನನ್ನು ಸುಟ್ಟು, ಬೂದಿಯನ್ನು ಮದ್ಯದಲ್ಲಿ ಬೆರೆಸಿ, ಗುರುವಿಗೇ ಕುಡಿಸುತ್ತಾರೆ. ಕರೆದರೆ ಶಿಷ್ಯನು ಹೊಟ್ಟೆಯೊಳಗಿಂದ ಓಗೊಡುತ್ತಾನೆ! ಮಂತ್ರಕ್ಕೆ ಬೆಲೆ ಹುಟ್ಟಿದ್ದು ಇಲ್ಲಿ. ಕಚನು ಹೊರಬರಬೇಕಾದರೆ ಶುಕ್ರನು ಸಾಯಬೇಕು. ಶುಕ್ರನು ಮತ್ತೆ ಏಳಬೇಕಾದರೆ ಅದುವರೆಗೆ ಕಾಪಾಡಿಕೊಂಡು ಬಂದ ವಿದ್ಯೆಯನ್ನು ಶತ್ರುಪಕ್ಷದ ಹುಡುಗನಿಗೆ ಕಲಿಸಬೇಕು. ಮುಂದೆ, ಆ ವಿದ್ಯೆ ನಿನಗೆ ಫಲಿಸದಿರಲೆಂದು ದೇವಯಾನಿ ಶಪಿಸಿದಳು. ನಾನು ಕಲಿಸಿದವರಿಗೆ ಫಲಿಸುವುದೆಂದು ಹೇಳಿ ಕಚನು ಹೊರಟುಹೋದನು. ಅಧ್ಯಾಪಕರಾದವರು ಇಲ್ಲಿ ಒಮ್ಮೆ ನಕ್ಕರೆ ತಪ್ಪಿಲ್ಲ.

ಆದರೂ ಒಂದು ಒಗಟು ಉಳಿಯುತ್ತದೆ. ಇಂಥ ವಿದ್ಯೆ ಲೋಕದಲ್ಲಿದ್ದೂ ಅಭಿಮನ್ಯು ಏಕೆ ಏಳಲಿಲ್ಲ? ಅದು ದೇವದಾನವರ ಸೊತ್ತು, ಮನುಷ್ಯರದಲ್ಲವೆಂದು ಸಮಾಧಾನ ಹೇಳಬಹುದು. ಆದರೆ ಆಶ್ವಮೇಧಿಕ ಪರ್ವದಲ್ಲಿ ಬಭ್ರುವಾಹನನ ಬಾಣಕ್ಕೆ ಬಿದ್ದ ಅರ್ಜುನನು ಉಲೂಪಿಯ ನಾಗಮಣಿಯಿಂದ ಎದ್ದು ಕೂರುತ್ತಾನಲ್ಲ! ಮಗನಿಗೆ ದೊರೆಯದ್ದು ತಂದೆಗೆ ಹೇಗೆ ದೊರೆಯಿತು? ಉಲೂಪಿಯ ಉತ್ತರವನ್ನು ಗಮನಿಸಬೇಕು. ಶಿಖಂಡಿಯನ್ನು ಮುಂದಿಟ್ಟುಕೊಂಡು ಭೀಷ್ಮನನ್ನು ಕೆಡವಿದುದಕ್ಕಾಗಿ ವಸುಗಳ ಶಾಪವಿದ್ದಿತು. ಮಗನ ಕೈಯಲ್ಲಿ ಬಿದ್ದು ಅದು ಕಳೆಯಿತು. ಅರ್ಜುನನ ಸಾವು ಋಣಸಂದಾಯ. ಬಾಲಕ ಅಭಿಮನ್ಯುವಿಗೆ ತೀರಿಸಬೇಕಾದ ಋಣವೇ ಇರಲಿಲ್ಲ. ಆದುದರಿಂದ ಅವನ ಸಾವು ಬರಿಯ ಸಾವು. ಈ ಲೆಕ್ಕ ಧರ್ಮಶಾಸ್ತ್ರಕ್ಕೆ ಒಪ್ಪಿಗೆಯಾಗಬಹುದು, ಸುಭದ್ರೆ ಒಪ್ಪಿಯಾಳೇ?

ಅಮೆರಿಕದ ಲೇಖಕಿ ಉರ್ಸುಲಾ ಲೆ ಗ್ವಿನ್ 1968ರಲ್ಲಿ ಪ್ರಕಟಿಸಿದ ‘ಎ ವಿಜರ್ಡ್ ಆಫ್ ಅರ್ಥ್‌ಸೀ’ ಎಂಬ ಕಾದಂಬರಿ ಇದೇ ಪ್ರಶ್ನೆಯನ್ನು ಸುಭದ್ರೆಯ ಕಡೆ ನಿಂತು ನೋಡುತ್ತದೆ. ಅಲ್ಲಿಯ ಮಾಂತ್ರಿಕರು ವಸ್ತುವಿನ ನಿಜನಾಮವನ್ನರಿತು ಅದನ್ನು ಆಳಬಲ್ಲರು, ಗಾಯ ಮಾಯಿಸಬಲ್ಲರು. ಹೊರಟ ಜೀವವನ್ನು ಮಾತ್ರ ಹೋಗಗೊಡಬೇಕೆಂಬುದು ಅವರು ಕಲಿತ ಪಾಠ. ಗೆಡ್ ಎಂಬ ತರುಣ ಮಾಂತ್ರಿಕನಿಗೆ ದೋಣಿ ಕಟ್ಟುವ ಗೆಳೆಯನೊಬ್ಬನುಂಟು. ಅವನ ಕೂಸು ಸಾಯುತ್ತಿರುವಾಗ ಗೆಡ್ ಆ ಪಾಠವನ್ನು ಮೀರಿ, ಮೃತ್ಯುಲೋಕದ ಇಳಿಜಾರಿನಲ್ಲಿ ಅದರ ಹಿಂದೆಯೇ ಇಳಿಯುತ್ತಾನೆ. ಮಗು ಮುಂದೆ ಮುಂದೆ ಓಡುತ್ತದೆ, ಕೈಗೆ ಸಿಗದು. ಬರಿಗೈಯಲ್ಲಿ ಹಿಂದಿರುಗಿದವನ ದೇಹ ಶವದಂತೆ ಬಿದ್ದಿರುವಾಗ, ಸಾಕಿದ ಪುಟ್ಟ ಪ್ರಾಣಿಯೊಂದು ನೆಕ್ಕಿ ನೆಕ್ಕಿ ಅವನನ್ನು ಎಚ್ಚರಕ್ಕೆ ತರುತ್ತದೆ. ಮಗು ಏಳಲಿಲ್ಲ.