ಯುದ್ಧಕಾಲದ ಮೋಟಾರ್ ಸೈಕಲ್ಲಿನ ವಯಸ್ಸು

ಸರ್ಜಾಪುರದ ಒಂದು ಕೊಟ್ಟಿಗೆಯಲ್ಲಿ, ಒಣಹುಲ್ಲಿನಡಿಯಲ್ಲಿ, ಹಳೆಯ ಮೋಟಾರ್ ಸೈಕಲ್ಲೊಂದು ದೊರೆಯಿತೆಂದು ಭಾವಿಸೋಣ. ಬೆಂಗಳೂರಿನ ದಂಡು ಅಲ್ಲಿಗೆ ಬಹು ದೂರವೇನಲ್ಲ. ಸೇನೆಗೆ ಬೇಡವಾದ ವಾಹನವು ಅಂಥ ಊರನ್ನು ಸೇರಿದ್ದರೆ ಅಚ್ಚರಿಯಿಲ್ಲ. ಎರಡನೆಯ ಮಹಾಯುದ್ಧಕ್ಕೆಂದು ಇಂಗ್ಲೆಂಡಿನಲ್ಲಿ ತಯಾರಾದ ಬಿ.ಎಸ್.ಎ. ಎಂ-೨೦ ಇದೆಂದು ಒಡೆಯನ ಹೇಳಿಕೆ. ನಂಬುವುದೆಂತು?

ಎಂಜಿನ್ನಿನ ಮೇಲಣ ಜಿಡ್ಡನ್ನು ಒರೆಸಿ ನೋಡಬೇಕು. ಸೇನೆಯ ಎಂ-೨೦ ಆಗಿದ್ದರೆ ಸಾಮಾನ್ಯವಾಗಿ 'ಡಬ್ಲ್ಯು. ಎಂ. ೨೦' ಎಂಬ ಗುರುತಿನ ಮುಂದೆ ಕ್ರಮಸಂಖ್ಯೆ ಒತ್ತಿರುತ್ತದೆ. ಆದರೆ ಎಂಜಿನ್ನು ಇಡೀ ವಾಹನದ ಪರವಾಗಿ ಸಾಕ್ಷಿ ನುಡಿಯಲಾರದು. ಸೇನೆಯ ಕಾರ್ಯಾಗಾರಗಳಲ್ಲಿ ಒಂದರ ಎಂಜಿನ್ನನ್ನು ಇನ್ನೊಂದರ ಚೌಕಟ್ಟಿಗೆ ಕೂಡಿಸುತ್ತಿದ್ದರು. ಪಾಳು ದೇಗುಲದ ಕಂಬವನ್ನು ಹೊಸ ಮಂಟಪದಲ್ಲಿ ನಿಲ್ಲಿಸಿದಂತೆ! ಲೂಕಾಸ್ ಕಂಪನಿಯು ತನ್ನ ಹಲವು ವಿದ್ಯುತ್ ಭಾಗಗಳ ಮೇಲೆ ತಯಾರಿಕೆಯ ತಿಂಗಳು, ವರ್ಷಗಳನ್ನೇ ಒತ್ತುತ್ತಿತ್ತು. ಡೈನಮೋವಿನ ಮೇಲೆ '೩ ೪೨' ಎಂದಿದ್ದರೆ ಅದು ೧೯೪೨ರ ಮಾರ್ಚಿನದು. ಆ ಡೈನಮೋ ಮಾತ್ರ, ವಾಹನವಲ್ಲ.

ಅಂಕಿಗಳಿಲ್ಲದ ಸಾಕ್ಷಿಯೂ ಉಂಟು. ೧೯೪೨ರ ಆರಂಭದಲ್ಲಿ ಮಲಯವು ಜಪಾನೀಯರ ವಶವಾಗಲು, ಬ್ರಿಟನ್ನಿನಲ್ಲಿ ರಬ್ಬರಿಗೆ ಬರ ಬಂತು. ಹಿಡಿಕೆಗಳಿಗೆ ಕ್ಯಾನ್ವಾಸ್ ಬಟ್ಟೆ ಸುತ್ತಿದರು. ಕಾಲಿಡುವ ಕಂಬಿಯನ್ನು ಬರಿಯ ಲೋಹದಲ್ಲೇ ಬಿಟ್ಟರು. ದೂರದ ತೋಟಗಳ ಪತನವು ಸವಾರನ ಅಂಗೈಗೆ ತಟ್ಟಿತು! ಆದರೂ ರಬ್ಬರಿನ ಹಿಡಿಕೆ ಕಂಡೊಡನೆ ವಾಹನ ಅದಕ್ಕಿಂತ ಹಳೆಯದೆನ್ನಬಾರದು; ಹಿಡಿಕೆ ಬದಲಿಸಲು ಐದು ನಿಮಿಷ ಸಾಕು.

ತುಕ್ಕು ತೆಗೆಯುವ ಉತ್ಸಾಹದಲ್ಲಿ ಉಜ್ಜುಕಾಗದವನ್ನು ಹಿಡಿದೀರಿ, ಜೋಕೆ! ತೆಳುವಾಗಿ ಒತ್ತಿದ ಅಂಕಿ ಅಳಿದರೆ ಅಳಿದಂತೆಯೇ. ಸೀಮೆಎಣ್ಣೆಯಲ್ಲಿ ತೋಯಿಸಿದ ಬಟ್ಟೆಯಿಂದ ಮೆಲ್ಲನೆ ಒರೆಸಿ, ತೆಳುಕಾಗದವನ್ನಿಟ್ಟು, ಸೀಸದಕಡ್ಡಿಯಿಂದ ಪಡಿಯಚ್ಚು ತೆಗೆದುಕೊಳ್ಳಿರಿ. ಬಣ್ಣ ಬಳಿಯುವುದು ಆಮೇಲೆ.