ಇಪ್ಪತ್ತಕ್ಕೆ ತಡವಾಯಿತೇ?

ಬಿ.ಕಾಂ. ಎರಡನೆಯ ವರ್ಷಕ್ಕೆ ಫೀಸು ಕಟ್ಟಿದ ದಿನವೇ ನಾನು ಮೈದಾನಕ್ಕೂ ಹೋಗಿದ್ದೆ. ಓಟದ ತಂಡಕ್ಕೆ ಸೇರಿಸಿಕೊಳ್ಳಿ ಎಂದು ಕೇಳಿದೆ. ಅಲ್ಲಿ ತರಬೇತಿ ಕೊಡುತ್ತಿದ್ದವರು ವಯಸ್ಸು ಕೇಳಿದರು. "ಹತ್ತೊಂಬತ್ತು ತುಂಬಿತು ಸಾರ್." ಅವರು ನಕ್ಕರು. "ಲೇಟಾಯ್ತಲ್ಲಪ್ಪಾ. ಹತ್ತು ವರ್ಷದೊಳಗೆ ಹಿಡೀಬೇಕು. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ?" ಗಾದೆಗೆ ಎದುರು ಮಾತಾಡೋದು ಹೇಗೆ? ಸುಮ್ಮನೆ ವಾಪಸ್ಸು ಬಂದೆ. ನಾಲ್ಕು ತಿಂಗಳು ಬೂಟು ಮುಟ್ಟಲಿಲ್ಲ.

ಅವರನ್ನು ದೂರುವುದಕ್ಕಾಗಿ ಇದನ್ನು ಬರೆಯುತ್ತಿಲ್ಲ. ಅವರು ಹೇಳಿದ್ದು ಎಲ್ಲರೂ ನಂಬಿರುವ ಮಾತು. ಆದರೆ ಅದು ಎಷ್ಟರಮಟ್ಟಿಗೆ ನಿಜ ಎಂಬ ಪ್ರಶ್ನೆ ನನ್ನ ತಲೆಗೆ ಹೊಕ್ಕದ್ದು ದೀಪಾವಳಿ ರಜೆಯಲ್ಲಿ, ನಾಸಿಕದಲ್ಲಿ.

ನಮ್ಮ ತಂದೆಗೆ ಬೆಂಗಳೂರಿನಿಂದ ಓಝರ್‌ನ ಎಚ್.ಎ.ಎಲ್. ಕಾರ್ಖಾನೆಗೆ ವರ್ಗವಾಗಿದೆ. ಓಝರ್ ಇರುವುದು ಮುಂಬಯಿ-ಆಗ್ರಾ ಹೆದ್ದಾರಿಯ ಮೇಲೆ. ಅದೇ ದಾರಿ ಹಿಡಿದು ಮುಂದೆ ಹೋದರೆ ಚಾಂದವಡ ಸಿಗುತ್ತದೆ. ದ್ರಾಕ್ಷಿ ತೋಟಗಳು ಹಿಂದೆ ಉಳಿದು ನೆಲ ಒಣಗುತ್ತಾ ಹೋಗುತ್ತದೆ. ಆ ತಾಲ್ಲೂಕಿನಲ್ಲಿ ತಳೇಗಾಂವ್ ರೋಹಿ ಎಂಬ ಹಳ್ಳಿಯಿದೆ. ಬೇಸಿಗೆಯಲ್ಲಿ ಕುಡಿಯುವ ನೀರಿಗೇ ಪರದಾಟ. ಭಾರತದ ದೊಡ್ಡ ದೋಣಿ ಸ್ಪರ್ಧಿಗಳಲ್ಲಿ ಒಬ್ಬನಾದ ದತ್ತು ಭೋಕನಾಳ ಹುಟ್ಟಿದ್ದು ಅಲ್ಲೇ, 1991ರಲ್ಲಿ! ತಂದೆಯ ಪಕ್ಕದ ಮನೆಯ ಮರಾಠಿ ಅಜ್ಜ ಇದನ್ನು ಹೇಳಿದಾಗ ತಮಾಷೆ ಮಾಡುತ್ತಿದ್ದಾರೆ ಅಂದುಕೊಂಡೆ.

ತಮಾಷೆಯಲ್ಲ. ದತ್ತು ಹುಡುಗನಾಗಿದ್ದಾಗ ತಂದೆಯ ಜೊತೆ ಬಾವಿ ತೋಡುವ ಕೂಲಿಗೆ ಹೋಗುತ್ತಿದ್ದ. ತಂದೆ 2011ರಲ್ಲಿ ತೀರಿಕೊಂಡರು. ಮನೆ ನಡೆಯಬೇಕೆಂದು 2012ರಲ್ಲಿ ಸೈನ್ಯಕ್ಕೆ ಸೇರಿ ಪುಣೆಯ ಬಾಂಬೆ ಎಂಜಿನಿಯರ್ ಗ್ರೂಪಿಗೆ ಬಂದ. ಆಳು ಆರಡಿಗಿಂತ ಎತ್ತರ, ಉದ್ದ ತೋಳು. ಇವನು ಹುಟ್ಟು ಹಾಕಲಿ ಎಂದು ಅಲ್ಲಿಯವರೇ ನಿರ್ಧರಿಸಿದರು. ಆಗ ಅವನ ವಯಸ್ಸು 21. ಅಲ್ಲಿಯವರೆಗೆ ಆ ಆಟವನ್ನೇ ಆಡಿದವನಲ್ಲ. 2016ರಲ್ಲಿ ರಿಯೋ ಒಲಿಂಪಿಕ್ಸಿಗೆ ಹೋದ ಭಾರತದ ಒಬ್ಬನೇ ಒಬ್ಬ ದೋಣಿ ಸ್ಪರ್ಧಿ ಅವನು. ಸಿಂಗಲ್ ಸ್ಕಲ್ಸ್‌ನಲ್ಲಿ 13ನೆಯ ಸ್ಥಾನ. 2018ರ ಏಷ್ಯನ್ ಕ್ರೀಡಾಕೂಟದಲ್ಲಿ ನಾಲ್ವರ ದೋಣಿಯಲ್ಲಿ ಚಿನ್ನ.

ಲೆಕ್ಕ ಹಾಕಿ ನೋಡಿ. ಕಲಿಯಲು ಶುರುಮಾಡಿದ ನಾಲ್ಕೇ ವರ್ಷಕ್ಕೆ ಒಲಿಂಪಿಕ್ಸ್. ಹಾಗಾದರೆ ಹತ್ತು ವರ್ಷದೊಳಗೆ ಹಿಡೀಬೇಕು ಅನ್ನೋ ಮಾತು ಎಲ್ಲಿಂದ ಬಂತು?

ಒಂದು ಮೂಲ ಪಿಟೀಲು! 1993ರಲ್ಲಿ ಆಂಡರ್ಸ್ ಎರಿಕ್‌ಸನ್ ಎಂಬ ಮನಶ್ಶಾಸ್ತ್ರಜ್ಞ ಮತ್ತು ಸಂಗಡಿಗರು ಬರ್ಲಿನ್ನಿನ ಸಂಗೀತ ವಿದ್ಯಾರ್ಥಿಗಳ ಅಭ್ಯಾಸದ ಬಗ್ಗೆ ಒಂದು ಪ್ರಬಂಧ ಬರೆದರು. ಅತ್ಯುತ್ತಮ ಪಿಟೀಲು ವಿದ್ಯಾರ್ಥಿಗಳು ಇಪ್ಪತ್ತು ವಯಸ್ಸಿನೊಳಗೆ ಸರಾಸರಿ ಹತ್ತು ಸಾವಿರ ಗಂಟೆ ಏಕಾಂತದಲ್ಲಿ ಅಭ್ಯಾಸ ಮಾಡಿದ್ದರು ಎಂಬುದು ಅದರ ಒಂದು ಅಂಶ. 2008ರಲ್ಲಿ ಮಾಲ್ಕಂ ಗ್ಲ್ಯಾಡ್‌ವೆಲ್ ಅದನ್ನು ತನ್ನ ಜನಪ್ರಿಯ ಪುಸ್ತಕದಲ್ಲಿ ಹಾಕಿದ ಮೇಲೆ ಹತ್ತು ಸಾವಿರ ಗಂಟೆ ಎಂಬುದು ಮಂತ್ರವಾಗಿಬಿಟ್ಟಿತು. ಸರಾಸರಿ ಎಂದರೇನು ಅಂತ ನಮ್ಮ ಸ್ಟ್ಯಾಟಿಸ್ಟಿಕ್ಸ್ ತರಗತಿಯಲ್ಲಿ ಕೂತವರಿಗೆ ಹೇಳಬೇಕಿಲ್ಲ. ಅದಕ್ಕಿಂತ ಕಡಿಮೆ ಮಾಡಿದವರೂ ಆ ಗುಂಪಿನಲ್ಲೇ ಇರುತ್ತಾರೆ. ಎರಿಕ್‌ಸನ್ನನೇ ಮುಂದೆ, ನನ್ನ ಕೆಲಸವನ್ನು ತಪ್ಪಾಗಿ ಓದಿದ್ದಾರೆ ಎಂದು ಆಕ್ಷೇಪಿಸಿದ. ಎಲ್ಲಕ್ಕಿಂತ ಹೆಚ್ಚಾಗಿ, ಪಿಟೀಲಿನಲ್ಲಿ ಬೆರಳು ಕಲಿಯಬೇಕಾದದ್ದು ಬೇರೆ, ದೋಣಿಯಲ್ಲಿ ಮೈ ಮಾಡಬೇಕಾದದ್ದು ಬೇರೆ. 2,000 ಮೀಟರ್ ದೋಣಿ ಸ್ಪರ್ಧೆ ಸುಮಾರು ಏಳು ನಿಮಿಷದ್ದು. ಅಲ್ಲಿ ದೊಡ್ಡ ಪಾಲು ಕೆಲಸ ಕಾಲಿನದು, ಬೆನ್ನಿನದು, ಹೃದಯ ಶ್ವಾಸಕೋಶಗಳದು. ಹುಟ್ಟು ಹಾಕುವ ಚಮತ್ಕಾರವನ್ನು ದೊಡ್ಡವನಾದ ಮೇಲೂ ಕಲಿಯಬಹುದು. ಎತ್ತರವನ್ನು ಮಾತ್ರ ಯಾವ ತರಬೇತಿಯೂ ಕೊಡದು.

ಇಂಗ್ಲೆಂಡಿನವರು ಇದನ್ನು ಬಹಳ ವ್ಯವಸ್ಥಿತವಾಗಿಯೇ ಮಾಡಿದರು. 2007ರಲ್ಲಿ ಎತ್ತರದ ತರುಣ ತರುಣಿಯರನ್ನು ಹುಡುಕುವ ಒಂದು ಯೋಜನೆ ಹಾಕಿದರು. ಅದರಲ್ಲಿ ಸಿಕ್ಕ ಹೆಲೆನ್ ಗ್ಲೋವರ್ ದೋಣಿ ಹತ್ತಿದ್ದು 2008ರಲ್ಲಿ, 2012ರ ಲಂಡನ್ ಒಲಿಂಪಿಕ್ಸಿನಲ್ಲಿ ಚಿನ್ನ ಗೆದ್ದಳು.

ಇನ್ನು ಓಟ. ಬೀಡ್ ಜಿಲ್ಲೆಯ ಆಷ್ಟಿ ತಾಲ್ಲೂಕಿನ ಮಾಂಡವಾದವನು ಅವಿನಾಶ್ ಸಾಬಳೆ. ಬೀಡ್ ಇರುವುದು ಛತ್ರಪತಿ ಸಂಭಾಜಿನಗರದ, ಅಂದರೆ ಹಿಂದಿನ ಔರಂಗಾಬಾದಿನ, ವಿಭಾಗದಲ್ಲಿ. ಹನ್ನೆರಡನೆಯ ತರಗತಿ ಮುಗಿಸಿ ಸೈನ್ಯಕ್ಕೆ ಸೇರಿದ. ಸಿಯಾಚಿನ್ನಿನ ಹಿಮದಲ್ಲಿ ಕಾವಲು ಕಾದ. ಸ್ಪರ್ಧೆಯ ಓಟಕ್ಕೆ ಬಂದದ್ದು 2015ರಲ್ಲಿ, ಇಪ್ಪತ್ತು ದಾಟಿದ ಮೇಲೆ. ಸ್ಟೀಪಲ್‌ಚೇಸ್‌ಗೆ ಬಂದದ್ದು ಇನ್ನೂ ತಡವಾಗಿ. 2018ರಲ್ಲಿ ಗೋಪಾಲ್ ಸೈನಿಯ 37 ವರ್ಷ ಹಳೆಯ ರಾಷ್ಟ್ರೀಯ ದಾಖಲೆ ಮುರಿದ. 2022ರ ಕಾಮನ್‌ವೆಲ್ತ್ ಕೂಟದಲ್ಲಿ 8 ನಿಮಿಷ 11.20 ಸೆಕೆಂಡಿಗೆ ಬೆಳ್ಳಿ. ಚಿನ್ನ ತಪ್ಪಿದ್ದು 0.05 ಸೆಕೆಂಡಿನಲ್ಲಿ!

ಇಷ್ಟು ತಿಳಿದು ನಾನು ಉಬ್ಬಿಹೋದೆ. ತಂದೆಗೆ ಹೇಳಿದೆ. ಅವರು ಪೇಪರಿನಿಂದ ಮುಖ ಎತ್ತದೆ, "ನೀನು ಯಾವ ಬಾವಿ ತೋಡಿದ್ದೀಯಪ್ಪಾ?" ಅಂದರು.

ಸಿಟ್ಟು ಬಂತು, ಆದರೆ ಮಾತು ಸರಿಯಾಗಿತ್ತು. ದತ್ತು ದೋಣಿಗೆ ತಡವಾಗಿ ಬಂದ, ದುಡಿಮೆಗೆ ತಡವಾಗಿ ಬರಲಿಲ್ಲ. ಅವಿನಾಶ್ ಆರು ಕಿಲೋಮೀಟರ್ ದೂರದ ಶಾಲೆಗೆ ದಿನವೂ ಕಾಲ್ನಡಿಗೆಯಲ್ಲಿ, ಓಟದಲ್ಲಿ ಹೋಗಿಬಂದ ಹುಡುಗ. ಹೆಲೆನ್ ಹಾಕಿ ಆಡಿದವಳು, ಗುಡ್ಡಗಾಡು ಓಟ ಓಡಿದವಳು. ನಮ್ಮ ಅಕೌಂಟೆನ್ಸಿ ಭಾಷೆಯಲ್ಲಿ ಹೇಳುವುದಾದರೆ ಅವರ ಲೆಡ್ಜರಿನಲ್ಲಿ ಓಪನಿಂಗ್ ಬ್ಯಾಲೆನ್ಸ್ ಇತ್ತು, ಖಾತೆಯ ಹೆಸರು ಮಾತ್ರ ಬೇರೆ. ನನ್ನ ಬಾಲ್ಯದಲ್ಲಿ ಟ್ಯೂಷನ್ ಇತ್ತು, ಸಂಜೆ ಒಂದಿಷ್ಟು ಗಲ್ಲಿ ಕ್ರಿಕೆಟ್ ಇತ್ತು. ಬ್ಯಾಲೆನ್ಸ್ ಶೂನ್ಯವಲ್ಲ, ಆದರೆ ಹೆಮ್ಮೆ ಪಡುವಷ್ಟೂ ಇಲ್ಲ.

ಹಾಗೆಂದು ಬೇಗ ಹಿಡಿದವರೆಲ್ಲ ಗೆದ್ದರೇ? ಸಂಭಾಜಿನಗರದಲ್ಲಿ ನನ್ನ ಸೋದರತ್ತೆ ಇದ್ದಾರೆ. ಅವರ ಮಗಳನ್ನು ಆರನೆಯ ವಯಸ್ಸಿಗೇ ಜಿಮ್ನಾಸ್ಟಿಕ್ಸ್‌ಗೆ ಹಾಕಿದರು. ಬೇರೆ ಆಟವಿಲ್ಲ, ರಜೆಯಿಲ್ಲ. ಮಣಿಕಟ್ಟು ನೋಯುತ್ತದೆ ಎಂದರೆ "ನೋವಿಲ್ಲದೆ ಲಾಭವಿಲ್ಲ" ಎಂಬ ಉತ್ತರ. ಬೆಳೆಯುವ ಮಕ್ಕಳ ಎಲುಬಿನ ತುದಿಯಲ್ಲಿ ಮೃದು ಎಲುಬಿನ ಒಂದು ಪದರ ಇರುತ್ತದೆ, ಎಲುಬು ಉದ್ದವಾಗುವುದು ಅಲ್ಲೇ. ಒಂದೇ ಭಾರ ಮತ್ತೆ ಮತ್ತೆ ಬಿದ್ದರೆ ಮೊದಲು ಪೆಟ್ಟಾಗುವುದೂ ಅಲ್ಲೇ. ಹದಿಮೂರಕ್ಕೆ ಅವಳು ಬಿಟ್ಟಳು. ಈಗ ಮೈದಾನದ ಕಡೆ ತಿರುಗಿಯೂ ನೋಡುವುದಿಲ್ಲ. ನಾನು ಹೋದಾಗ ಮಣಿಕಟ್ಟು ತಿರುವಿ ತೋರಿಸಿ, "ಮಳೆ ಬರೋದು ನನಗೆ ಮೊದಲೇ ಗೊತ್ತಾಗತ್ತೆ" ಅಂತ ನಕ್ಕಳು. ನನಗೆ ನಗು ಬರಲಿಲ್ಲ.

ಜಿಮ್ನಾಸ್ಟಿಕ್ಸ್‌ನಲ್ಲಿ ಬೇಗ ಶುರು ಮಾಡಬೇಕೆಂಬುದು ಬಹುಮಟ್ಟಿಗೆ ನಿಜವೇ. ನಾದಿಯಾ ಕೊಮಾನೆಚಿ 1976ರಲ್ಲಿ ಪೂರ್ಣಾಂಕ ಪಡೆದಾಗ ಅವಳಿಗೆ 14. ಆದರೆ ಆ ಆಟದವರೇ 1997ರಲ್ಲಿ ಒಲಿಂಪಿಕ್ಸಿನ ಹುಡುಗಿಯರ ಕನಿಷ್ಠ ವಯಸ್ಸನ್ನು 16ಕ್ಕೆ ಏರಿಸಬೇಕಾಯಿತು. ಒಂದು ಆಟದ ನಿಯಮವನ್ನು ತಂದು ಎಲ್ಲ ಆಟಗಳ ತಲೆಗೆ ಕಟ್ಟಿದ್ದೇ ತಪ್ಪು ಎಂದು ನನಗನ್ನಿಸುತ್ತದೆ. ದೂರದ ಓಟ, ದೋಣಿ, ಸೈಕಲ್ಲು ಇವು ಉಸಿರಿನ ಆಟಗಳು. ಉಸಿರು ಇಪ್ಪತ್ತರ ನಂತರವೂ ವರ್ಷಗಟ್ಟಲೆ ಬೆಳೆಯುತ್ತದೆ, ನಿಧಾನವಾಗಿ ಬೆಳೆಸಿದರೆ.

ರಜೆ ಮುಗಿಸಿ ಬಂದವನು ಮತ್ತೆ ಮೈದಾನಕ್ಕೆ ಹೋದೆ. ದತ್ತುವಿನ ಕಥೆಯನ್ನು ಅವರಿಗೆ ಹೇಳಿದೆ. ಪೂರ್ತಿ ಕೇಳಿ, "ಅವನು ಮಿಲಿಟರಿಯವನು ಕಣಯ್ಯಾ" ಎಂದರು. ಸ್ವಲ್ಪ ಹೊತ್ತು ಬಿಟ್ಟು, "ಬೆಳಿಗ್ಗೆ ಐದೂವರೆಗೆ ಬಾ, ನೋಡೋಣ" ಎಂದೂ ಹೇಳಿದರು. ಈಗ ಏಳು ವಾರವಾಯಿತು. 5,000 ಮೀಟರ್ ಓಡಲು ಮೊದಲ ದಿನ 24 ನಿಮಿಷ ಬೇಕಾಗಿತ್ತು, ಹೋದ ಶನಿವಾರ 21 ನಿಮಿಷ 40 ಸೆಕೆಂಡು. ಅಂತರ ಕಾಲೇಜು ಕೂಟದಲ್ಲಿ ಇದಕ್ಕೆ ಕೊನೆಯ ಸ್ಥಾನವೇ ಸಿಗಬಹುದು. ಹೆಸರು ಕೊಟ್ಟಿದ್ದೇನೆ. ಅದೇ ವಾರ ಕಾಸ್ಟ್ ಅಕೌಂಟ್ಸ್ ಟೆಸ್ಟೂ ಇದೆ, ನೋಟ್ಸ್ ಯಾರ ಹತ್ತಿರವಾದರೂ ಇದ್ದರೆ ದಯವಿಟ್ಟು ತಿಳಿಸಿ.