ಸಾಲದ ಷೇರಿಗೆ ಲಾಭಾಂಶದ ಆಸರೆ ಎಷ್ಟು?

ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆಯ ಹಳೆಯ ಮನೆಗಳಿಗೆ ಷೇರು ಹೊಸ ಮಾತಲ್ಲ. 1963ರಲ್ಲಿ ಹುಟ್ಟಿ 2014ರಲ್ಲಿ ಮುಚ್ಚಿದ ಬೆಂಗಳೂರು ಷೇರು ವಿನಿಮಯ ಕೇಂದ್ರ ಜೆ.ಸಿ. ರಸ್ತೆಯಲ್ಲೇ ಇತ್ತು. 1993ರಲ್ಲಿ ಇನ್ಫೊಸಿಸ್ ತನ್ನ ಷೇರನ್ನು 95 ರೂಪಾಯಿಯಂತೆ ಜನರ ಮುಂದಿಟ್ಟಿತು. ಲಾಭಾಂಶದ ವಾರಂಟು ಆಗ ಅಂಚೆಯಲ್ಲಿ ಬರುತ್ತಿತ್ತು, ಈಗ ದುಡ್ಡು ನೇರವಾಗಿ ಬ್ಯಾಂಕ್ ಖಾತೆಗೆ ಬೀಳುತ್ತದೆ. ಪಿಂಚಣಿಯ ಜೊತೆಗೆ ಕೈಸೇರುವ ಆ ಹಣ ನಿವೃತ್ತರಿಗೆ ದೊಡ್ಡ ನೆಮ್ಮದಿ. ಆದರೆ ಇರುವ ಷೇರನ್ನು ಅಡವಿಟ್ಟು, ಬಂದ ಸಾಲದಲ್ಲಿ ಇನ್ನಷ್ಟು ಷೇರು ಕೊಂಡವರಿಗೆ ಲಾಭಾಂಶ ವರಮಾನವಲ್ಲ. ಅದು ಬಡ್ಡಿಗೆ ಸೇರಿದ ದುಡ್ಡು.

ಒಂದು ಲೆಕ್ಕ ಮಾಡಿ ನೋಡೋಣ. 2023–24ರ ಸಾಲಿಗೆ ಇನ್ಫೊಸಿಸ್ ಷೇರಿಗೆ ಕೊಟ್ಟ ಲಾಭಾಂಶ ಒಟ್ಟು 46 ರೂಪಾಯಿ: ಮಧ್ಯಂತರ 18, ಅಂತಿಮ 20, ವಿಶೇಷ 8. ಷೇರಿನ ಮುಖಬೆಲೆ 5 ರೂಪಾಯಿ, ಹಾಗಾಗಿ ಇದು ಶೇ 920. ಈ ಅಂಕಿ ಕಂಡು ಹಿಗ್ಗಬಾರದು. ಷೇರನ್ನು 1,400 ರೂಪಾಯಿಗೆ ಕೊಂಡವರಿಗೆ ಸಿಕ್ಕಿದ್ದು ಶೇ 3.3 ಮಾತ್ರ. ಬಡ್ಡಿ ಕಟ್ಟಬೇಕಾದದ್ದು ಮುಖಬೆಲೆಯ ಮೇಲಲ್ಲ, ತಂದ ಸಾಲದ ಮೇಲೆ.

ಸ್ವಂತದ್ದು 70,000, ಶೇ 10ರ ಬಡ್ಡಿಗೆ ತಂದ ಸಾಲ 70,000, ಒಟ್ಟು 100 ಷೇರು ಎಂದಿಟ್ಟುಕೊಳ್ಳಿ. ವರ್ಷದ ಬಡ್ಡಿ 7,000, ಲಾಭಾಂಶ 4,600. ಮೂರರಲ್ಲಿ ಎರಡು ಪಾಲು ಬಡ್ಡಿ ತೀರಿತು ಎನಿಸುತ್ತದೆ. ಆದರೆ ತೆರಿಗೆ ಬಾಕಿ ಇದೆ. 2020ರ ಏಪ್ರಿಲ್‌ಗೆ ಮೊದಲು ಲಾಭಾಂಶ ವಿತರಣೆ ತೆರಿಗೆಯನ್ನು ಕಂಪನಿಯೇ ಕಟ್ಟುತ್ತಿತ್ತು. ಆ ವರ್ಷದ ಹಣಕಾಸು ಕಾಯ್ದೆ ಹೊರೆಯನ್ನು ಷೇರುದಾರರ ಮೇಲೆ ಹೊರಿಸಿತು, ಜೊತೆಗೆ ಬಡ್ಡಿಯಲ್ಲಿ ಲಾಭಾಂಶದ ಶೇ 20ರಷ್ಟನ್ನು ಮಾತ್ರ ಖರ್ಚೆಂದು ಕಳೆಯಲು ಬಿಟ್ಟಿತು. ಸಾಲ ಮಾಡಿದವರಿಗೆ ಇದು ದೊಡ್ಡ ಪೆಟ್ಟು. ನಮ್ಮ ಲೆಕ್ಕದಲ್ಲಿ 7,000 ಬಡ್ಡಿ ಕಟ್ಟಿದರೂ 2023–24ರ ನಿಯಮದಂತೆ ಕಳೆಯಲು ಸಿಗುತ್ತಿದ್ದುದು 920 ರೂಪಾಯಿ. ಶೇ 30ರ ಹಂತದಲ್ಲಿರುವವರಿಗೆ ಸೆಸ್ ಸೇರಿ ತೆರಿಗೆ ಸುಮಾರು 1,150. ಉಳಿಯುವ 3,450 ಬಡ್ಡಿಯ ಅರ್ಧವನ್ನೂ ತೀರಿಸುವುದಿಲ್ಲ.

ಷೇರಿನ ಬೆಲೆ ಕದಲದಿದ್ದರೆ ಸಾಲವಿಲ್ಲದೆ 50 ಷೇರು ಇಟ್ಟವರಿಗೆ ತೆರಿಗೆ ಕಳೆದು ಶೇ 2.3 ಸಿಗುತ್ತದೆ, ಸಾಲಗಾರರು ಶೇ 5 ಕಳೆದುಕೊಳ್ಳುತ್ತಾರೆ. ಬೆಲೆ ಶೇ 7.3ರಷ್ಟು ಏರಿದ ಮೇಲಷ್ಟೇ ಸಾಲದಿಂದ ಹೆಚ್ಚಿನ ಲಾಭ. ಶೇ 15 ಏರಿದರೆ, ಮಾರಾಟದ ಲಾಭದ ಮೇಲಿನ ತೆರಿಗೆ ಬಿಟ್ಟು, 17.3ರ ಬದಲು 25 ಶೇಕಡ. ಆಸೆ ಹುಟ್ಟುವುದು ಇಲ್ಲಿ. ಶೇ 20 ಇಳಿದರೆ ನಷ್ಟ 17.7ರ ಬದಲು 45. ಆಗ 100 ಷೇರಿನ ಒಟ್ಟು ಬೆಲೆ 1,12,000ಕ್ಕೆ ಬಂದಿರುತ್ತದೆ, ಸಾಲ ಮಾತ್ರ ಹಾಗೇ ಇರುತ್ತದೆ. ಅಡವಿನ ಅರ್ಧದಷ್ಟೇ ಸಾಲ ಎಂಬ ಕರಾರಿದ್ದರೆ ಬ್ಯಾಂಕ್ ಹಣ ತುಂಬಿ ಎನ್ನುತ್ತದೆ, ಇಲ್ಲವೇ ಷೇರು ಮಾರುತ್ತದೆ. 46 ರೂಪಾಯಿ ಲಾಭಾಂಶ ಅದನ್ನು ತಡೆಯಲಾರದು.

ಇನ್ನೊಂದು ವಿಷಯ ಹಲವರ ಗಮನಕ್ಕೆ ಬರುವುದಿಲ್ಲ. ಎಕ್ಸ್-ಡೇಟ್‌ನಂದು, ಅಂದರೆ ಹೊಸದಾಗಿ ಷೇರು ಕೊಂಡವರಿಗೆ ಆ ಸಲದ ಲಾಭಾಂಶ ಸಿಗದ ಮೊದಲ ದಿನ, ಬೆಲೆ ಹೆಚ್ಚುಕಡಿಮೆ ಲಾಭಾಂಶದಷ್ಟೇ ಇಳಿಯುತ್ತದೆ. ಅಡವಿನ ಬೆಲೆ ಅಂದೇ ತಗ್ಗುತ್ತದೆ, ದುಡ್ಡು ಕೆಲವು ದಿನ ಅಥವಾ ವಾರ ಬಿಟ್ಟು ಬರುತ್ತದೆ. ಮಿತಿಯ ಅಂಚಿನವರೆಗೆ ಸಾಲ ಎತ್ತಿದವರಿಗೆ ಈ ನಡುವಿನ ದಿನಗಳೇ ಕಷ್ಟದವು.

ಆದರೂ ಲಾಭಾಂಶ ಸಾಲ ಬೆಳೆಯುವ ವೇಗವನ್ನು ತಗ್ಗಿಸುತ್ತದೆ. ಏನನ್ನೂ ಕಟ್ಟದಿದ್ದರೆ ಶೇ 10ರ ಚಕ್ರಬಡ್ಡಿಯಲ್ಲಿ 70,000 ಸಾಲ ಐದು ವರ್ಷಕ್ಕೆ 1,12,700 ದಾಟುತ್ತದೆ. ವರ್ಷಕ್ಕೆ 3,450 ಕಟ್ಟುತ್ತ ಬಂದರೆ ಸುಮಾರು 91,700ಕ್ಕೆ ನಿಲ್ಲುತ್ತದೆ. ಆ ಹಣವನ್ನು ಮನೆಖರ್ಚಿಗೆ ಬಳಸದೆ ಸಾಲದ ಖಾತೆಗೇ ಕಟ್ಟಿ. ಸಾಲಕ್ಕೆ ಸಹಿ ಹಾಕುವ ಮೊದಲು ಆಗಿನ ತೆರಿಗೆ ನಿಯಮ ಕೇಳಿ ತಿಳಿದು, ಬಡ್ಡಿಯಲ್ಲಿ ತೆರಿಗೆ ಕಳೆದ ಲಾಭಾಂಶವನ್ನು ಕಳೆಯಿರಿ. ಉಳಿದ ಕೊರತೆಯನ್ನು ಷೇರು ಮಾರದೆ, ಸಂಬಳ ಅಥವಾ ಪಿಂಚಣಿಯಿಂದ ಎರಡು ವರ್ಷ ತುಂಬಲಾಗದಿದ್ದರೆ ಆ ಸಾಲ ಬೇಡ.